ನೀರು ಕುಡಿದ ಮೇಲೆ ಬಂದ ಮಾತು

ಕೂಸೇ, ನಿನ್ನೆ ಸಂಜೆ ನೀನು ಸಮೀಕ್ಷೆಯ ಫಾರಂಗಳ ಕಟ್ಟನ್ನು ಜಗಲಿಯ ಮೇಲೆ ಎಸೆದು ಕೂತಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ. ಎರಡು ದಿನ ನೀನು ಬಿಸಿಲಲ್ಲಿ ನಮ್ಮ ಹೆಮ್ಮರಗಾಲದ ಬೀದಿಬೀದಿ ಸುತ್ತಿದೆ. ನಲವತ್ತು ಮನೆ. ಮನಸ್ಸಿಗೆ ಕಷ್ಟವಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ, ಡಾಕ್ಟರ ಹತ್ತಿರ ಹೋಗುತ್ತೀರಾ ಎಂದು ಕೇಳಿದೆ. ಮೇಲಿನ ಬೀದಿಯವರು ‘ನಮ್ಮನೇಲಿ ಅಂಥೋರು ಯಾರೂ ಇಲ್ಲ’ ಎಂದರಂತೆ. ಕೆಳಗಿನ ಕೇರಿಯವರು ‘ಕೂಲಿ ಮಾಡೋರ್ಗೆ ಎಂಥ ಮನಸಿನ ಕಾಯ್ಲ ಕನವ್ವ’ ಎಂದು ನಕ್ಕರಂತೆ. ಗಂಡಸರು ಫಾರಂ ನೋಡಿ ಯಾವ ಸ್ಕೀಮು ಎಂದು ಕೇಳಿದರಂತೆ. ‘ಯಾರೂ ಬಾಯಿ ಬಿಡಲ್ಲ ಅಜ್ಜಿ, ನಮ್ಮೂರಿನವರಿಗೆ ಅರಿವೇ ಇಲ್ಲ’ ಎಂದುಬಿಟ್ಟೆ. ನಲವತ್ತೊಂದನೆಯ ಮನೆ ನಮ್ಮದು. ಅಲ್ಲಿ ನೀನು ಕೇಳಲೇ ಇಲ್ಲ.

ರಾತ್ರಿಯೆಲ್ಲ ಯೋಚಿಸಿದೆ. ಮೂವತ್ತಾರು ವರ್ಷ ನಾನು ಲಸಿಕೆಯ ಐಸ್ ಡಬ್ಬ ಹಿಡಿದು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿ ಸುತ್ತಿದವಳು. ನರ್ಸಮ್ಮ ಎಂದು ಎಲ್ಲ ಬೀದಿಯ ಬಾಗಿಲೂ ನನಗೆ ತೆರೆಯುತ್ತಿತ್ತು. ಬಾಗಿಲು ತೆರೆದವರೆಲ್ಲ ಬಾಯಿ ತೆರೆದರು ಎಂದಲ್ಲ. ಅದಕ್ಕೆ ಕಾರಣ ಏನು ಎಂಬುದು ನನಗೆ ತಡವಾಗಿ ತಿಳಿಯಿತು. ನಿನಗೆ ಬೇಗ ತಿಳಿಯಲಿ ಎಂದು ಹೇಳುತ್ತಿದ್ದೇನೆ. ಕೂತು ಕೇಳು.

ನಮ್ಮೂರ ದೇವರಿಂದಲೇ ಶುರುಮಾಡುತ್ತೇನೆ. ಸಂತಾನ ವೇಣುಗೋಪಾಲಸ್ವಾಮಿ ಎಂದು ಹೊರಗಿನವರು ಹೇಳುವ ಈ ಸ್ವಾಮಿಯನ್ನು ನಾವು ಹುಚ್ಚುಗೋಪಾಲ ಎಂದು ಕರೆಯುವುದುಂಟು. ಆ ಹೆಸರು ಬಾಯಿಗೆ ಬಂದಾಗ ನಮ್ಮ ಮುಖದಲ್ಲಿ ಪ್ರೀತಿ ಇರುತ್ತದೆ. ಅದೇ ಮಾತು ನಮ್ಮ ಮಗನ ಬಗ್ಗೆ, ಸೊಸೆಯ ಬಗ್ಗೆ ಯಾರಾದರೂ ಆಡಿದರೆ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಇನ್ನೊಂದನ್ನೂ ನೋಡು. ಮಕ್ಕಳಿಲ್ಲ ಎಂಬ ಸಂಕಟ ಹೊತ್ತು ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಈ ಗುಡಿಗೆ ಬರುತ್ತಾರೆ. ಗುರುತೇ ಇಲ್ಲದವರ ಪಕ್ಕ ಕೂತು, ಎಷ್ಟು ವರ್ಷವಾಯಿತು, ಅತ್ತೆ ಏನಂದರು, ಎಲ್ಲವನ್ನೂ ಹೇಳಿಕೊಂಡು ಅಳುತ್ತಾರೆ. ಅದಕ್ಕಿಂತ ದೊಡ್ಡ ಮನಸ್ಸಿನ ನೋವು ಯಾವುದಿದೆ? ಅದನ್ನು ಹೇಳಿಕೊಳ್ಳಲು ಅವರಿಗೆ ಒಂದು ಜಾಗ ಇದೆ, ಪಕ್ಕದಲ್ಲಿ ಅದೇ ನೋವಿನವಳು ಇದ್ದಾಳೆ, ಯಾರೂ ನಗುವುದಿಲ್ಲ ಎಂಬ ನಂಬಿಕೆ ಇದೆ. ನಮ್ಮ ಜನಕ್ಕೆ ಮಾತು ಬರುವುದಿಲ್ಲ ಎಂದು ಹೇಳಬೇಡ. ಎಲ್ಲಿ ಆಡಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಒಂದೊಂದು ಬೀದಿಯ ಬಾಯಿಗೆ ಒಂದೊಂದು ಬೀಗ ಇದೆ, ಕೂಸೇ. ಎಲ್ಲಕ್ಕೂ ಒಂದೇ ಕೀಲಿಕೈ ಹಿಡಿದುಕೊಂಡು ಹೋದರೆ ತೆರೆಯುವುದಿಲ್ಲ.

ಮೇಲಿನ ಬೀದಿಯ ಬೀಗ ಯಾವುದೆಂದು ನನಗೆ ಗೊತ್ತು, ನಾನು ಹುಟ್ಟಿದ್ದೇ ಅಂಥ ಲಿಂಗಾಯತರ ಮನೆಯಲ್ಲಿ. ಆ ಬೀಗದ ಹೆಸರು ಮರ್ಯಾದೆ. ನನ್ನ ತಮ್ಮನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಕಾಯಿಲೆ ಶುರುವಾಯಿತು. ಯಾರೋ ಬೈಯುತ್ತಿದ್ದಾರೆ ಎನ್ನುತ್ತಿದ್ದ, ಊಟದಲ್ಲಿ ಏನೋ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದ. ಗಾಳಿ ಸೋಕಿದೆ ಎಂದರು, ಯಂತ್ರ ಕಟ್ಟಿಸಿದರು, ಬೆಟ್ಟಕ್ಕೆ ಕರೆದುಕೊಂಡು ಹೋದರು. ಕೇಳಿದವರಿಗೆಲ್ಲ ‘ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ’ ಎಂದು ಹೇಳುತ್ತಿದ್ದೆವು. ಅವನು ಹಿತ್ತಲ ಕೋಣೆಯಲ್ಲಿದ್ದ. ‘ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಜನ ನಗುತ್ತಾ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದನ್ನೇ ಔಷಧಿಯೆಂದು ಮಾಡಿದರು. ಏನೂ ಹೇಳದೆ ದೂರದ ಊರಿನ ಒಂದು ಹೆಣ್ಣನ್ನು ತಂದರು. ಆ ಹುಡುಗಿ ಎರಡು ವರ್ಷ ಹೆದರಿಕೆಯಲ್ಲೇ ಬಾಳಿ ತವರಿಗೆ ಹೋದಳು. ಅವಳ ಬಾಳಿಗೆ ನಾವೆಲ್ಲ ಹೊಣೆ, ನಾನೂ ಹೊಣೆ. ಎಲ್ಲ ಗೊತ್ತಿದ್ದೂ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಹನ್ನೊಂದು ವರ್ಷ ಕಳೆದ ಮೇಲೆ ಅವನನ್ನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದೆವು. ಮಾತ್ರೆ ತಪ್ಪಿಸದೆ ತೆಗೆದುಕೊಂಡ. ಕೊನೆಯವರೆಗೂ ಎರಡು ಹಸು ಸಾಕಿ, ಡೈರಿಗೆ ಹಾಲು ಹಾಕಿ, ತನ್ನ ಖರ್ಚು ತಾನೇ ನೋಡಿಕೊಂಡ. ಆ ಹನ್ನೊಂದು ವರ್ಷವನ್ನು ಕಾಯಿಲೆ ತಿನ್ನಲಿಲ್ಲ, ನಮ್ಮ ಮರ್ಯಾದೆ ತಿಂದಿತು.

ಈಗ ಕೆಳಗಿನ ಕೇರಿಯ ಮಾತು. ಇದನ್ನು ಹೇಳುವುದು ನನಗೆ ಕಷ್ಟ, ಆದರೂ ಹೇಳಲೇಬೇಕು.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ. ದಲಿತರ ಕೇರಿಗೆ ಹೋದರೆ ಜಗಲಿಯ ಹೊರಗೆ ನಿಂತೇ ಮಕ್ಕಳಿಗೆ ಚುಚ್ಚುತ್ತಿದ್ದೆ. ಯಾರೂ ನೀರು ಬೇಕಾ ಎಂದು ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಕೇಳಿದರೆ ನಾನು ಬೇಡ ಎನ್ನುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು. 1993ರ ಮಾರ್ಚ್ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಬದನವಾಳಿನ ಮೂವರು ದಲಿತರನ್ನು ಕೊಂದರು. ದೇವಸ್ಥಾನದ ಬಾಗಿಲು ದಲಿತರಿಗೆ ತೆರೆಯುವ ವಿಚಾರ ಅಲ್ಲಿಗೆ ಬಂದು ಮುಟ್ಟಿತ್ತು. ಗಾಂಧೀಜಿ ಬಂದು ಹೋಗಿದ್ದ ಊರು, ಖಾದಿ ನೂತ ಊರು ಅದು. ಆ ವರ್ಷ ನಾನು ಯಾವ ಕೇರಿಗೆ ಹೋದರೂ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಚುಚ್ಚಿಸಿಕೊಂಡು, ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದರು. ಕೊಲೆಯ ಲೆಕ್ಕವನ್ನು ಪೊಲೀಸರು ಬರೆದರು, ಕೋರ್ಟು ಬರೆಯಿತು. ಆ ವರ್ಷದಿಂದ ರಾತ್ರಿ ನಿದ್ದೆ ಬಿಟ್ಟವರು ಎಷ್ಟು ಜನ ಎಂಬ ಲೆಕ್ಕವನ್ನು ಯಾರೂ ಬರೆಯಲಿಲ್ಲ. ನನ್ನ ಕೈಯಲ್ಲಿ ಮನೆಮನೆಯ ರಿಜಿಸ್ಟರ್ ಇತ್ತು. ನಾನೂ ಬರೆಯಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೇಸಿಗೆ. ಕೇರಿಯಲ್ಲಿ ಲಸಿಕೆ ಮುಗಿಸುವಾಗ ನನಗೆ ತಲೆ ಸುತ್ತಿ ಕಣ್ಣಿಗೆ ಕತ್ತಲೆ ಬಂತು. ‘ಒಂದು ಲೋಟ ನೀರು ಕೊಡವ್ವ’ ಎಂದೆ. ನಿನ್ನ ತಾಯಿಯ ವಯಸ್ಸಿನ ಒಬ್ಬಾಕೆ ಕೇಳಿದಳು: ‘ನಮ್ಮನೇದು ಕುಡ್ದಿರಾ ನರ್ಸಮ್ಮ?’ ಸುತ್ತ ನಿಂತ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕುಡಿದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು ಆಗ.

ಮುಂದಿನ ತಿಂಗಳು ಹೋದಾಗ ಅದೇ ಹೆಂಗಸು ನನ್ನನ್ನು ಒಳಗೆ ಕರೆದು ಚಾಪೆ ಹಾಕಿದಳು. ‘ರಾತ್ರಿ ನಿದ್ದ ಬರದಿಲ್ಲ ನರ್ಸಮ್ಮ. ಬಾಗ್ಲು ಸದ್ದಾದ್ರ ಎದ್ದು ಕೂತ್ಕತೀನಿ. ಮಗ ಹೊರಕ್ಕೆ ಹೋದ್ರ ಬರಗಂಟ ಎದೆ ಹಿಡ್ಕಂಡಂಗಾಯ್ತದ’ ಎಂದಳು. ಎರಡು ವರ್ಷದಿಂದ ಹಾಗೆಯೇ. ಬದನವಾಳಿನಲ್ಲಿ ಅವಳ ನೆಂಟರಿದ್ದರು. ನನ್ನ ಡಬ್ಬದಲ್ಲಿ ಅದಕ್ಕೆ ಏನೂ ಇರಲಿಲ್ಲ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಎಣಿಸಿ ಕೊಟ್ಟು ಬಂದೆ. ಇವತ್ತಿಗೂ ಆ ಮಾತ್ರೆಯ ಕೆಂಪು ಕಣ್ಣಮುಂದೆ ಬರುತ್ತದೆ. ಆದರೆ ಅವಳು ಹೇಳಿದಳಲ್ಲ, ಅದನ್ನು ಮರೆಯಬೇಡ. ನೀರಿಗೂ ಮಾತಿಗೂ ನಡುವೆ ಒಂದು ತಿಂಗಳು ಮಾತ್ರ ಇತ್ತು.

ಇಷ್ಟು ಹೇಳಿದ ಮೇಲೆ ನಿನಗೆ ಗೊತ್ತಾಗಿರಬೇಕು. ಮೇಲಿನ ಬೀದಿಯವರು ಹೇಳಿಕೊಂಡರೆ ಕಳೆದುಕೊಳ್ಳುವುದು ಹೆಸರು. ಕೆಳಗಿನ ಕೇರಿಯವರು ಹೇಳಿಕೊಂಡರೆ ಕೇಳುವವರು ಯಾರು? ನೋವು ಯಾರಿಂದ ಬಂತೋ ಅವರ ಬೀದಿಯವರೇ ಡಾಕ್ಟರು, ನರ್ಸು, ಮೇಷ್ಟ್ರಾಗಿ ಎದುರು ಕೂತಿರುತ್ತಾರೆ. ಅವರ ಮೌನವನ್ನು ಅರಿವಿಲ್ಲದ ಮೌನ ಎಂದು ಫಾರಂನಲ್ಲಿ ಬರೆದರೆ ತಪ್ಪಾಗುತ್ತದೆ. ಅದು ತುಂಬ ತಿಳಿದವರ ಮೌನ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಕಪ್ಪು ಜನ ಡಾಕ್ಟರ ಹತ್ತಿರ ಮನಸ್ಸು ಬಿಚ್ಚಲು ಹಿಂಜರಿಯುತ್ತಾರೆ ಎಂದು ನೀನೇ ಓದಿ ಹೇಳಿದ್ದೆ. ಅಲ್ಲಿನ ಟಸ್ಕೀಗಿ ಎಂಬಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಸರ್ಕಾರದ ಆರೋಗ್ಯ ಇಲಾಖೆಯವರೇ ಚಿಕಿತ್ಸೆ ಕೊಡದೆ ಕಾಯಿಲೆ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಂಥದ್ದನ್ನು ಕಂಡ ಜನರ ಮಕ್ಕಳು ಬಿಳಿ ಕೋಟಿಗೆ ಹೆದರಿದರೆ ಅದನ್ನು ಅಜ್ಞಾನ ಎನ್ನಲಾದೀತೇ? ನಂಬಿಕೆ ಕೆಡಿಸಿದವರೇ ಮೊದಲು ನಡೆದು ಹೋಗಿ ಅದನ್ನು ಕಟ್ಟಬೇಕು.

ಇಲ್ಲಿಯೇ ಇನ್ನೊಂದು ಎಚ್ಚರ. 2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಎಂಬ ಸಂಶೋಧನಾ ವಿದ್ಯಾರ್ಥಿಯನ್ನು ಕಳೆದುಕೊಂಡೆವು. ಹಾಸ್ಟೆಲಿನಿಂದ ಹೊರಹಾಕಿದ್ದರು, ಫೆಲೋಶಿಪ್ ಹಣ ತಡೆದಿದ್ದರು. ಅಂಥ ಹುಡುಗನಿಗೆ ‘ಕೌನ್ಸೆಲಿಂಗ್‌ಗೆ ಹೋಗಪ್ಪ’ ಎಂದಷ್ಟೇ ಹೇಳಿ ಮನೆಗೆ ಹೋಗುವುದು ನ್ಯಾಯವಲ್ಲ. ಅವಮಾನದಿಂದ ನಿದ್ದೆ ಹೋದವರಿಗೆ ಮಾತ್ರೆ ಬೇಕಾಗಬಹುದು, ಅವಮಾನವೂ ನಿಲ್ಲಬೇಕು. ಮನಶ್ಶಾಸ್ತ್ರ ಓದುವ ನೀನು ಎರಡನ್ನೂ ಕೇಳುವವಳಾಗು.

ಇನ್ನು ಗಂಡಸರ ಬೀಗ. ಅದು ಸಂಜೆ ಬಾರಿನಲ್ಲಿ ತೆರೆಯುತ್ತದೆ, ಬೆಳಗಾಗುವ ಹೊತ್ತಿಗೆ ಮತ್ತೆ ಹಾಕಿರುತ್ತದೆ. ಸಾಲ, ಸೋತ ಬೆಳೆ, ನಂಜನಗೂಡಿನ ಕಾರ್ಖಾನೆಯಲ್ಲಿ ಕಾಯಂ ಆಗದ ಕೆಲಸ, ಯಾವುದನ್ನೂ ಎಚ್ಚರದಲ್ಲಿ ಆಡುವುದಿಲ್ಲ. ಹೆಂಗಸರ ಮೈ ಅವರ ಬದಲು ಮಾತಾಡುತ್ತದೆ: ತಲೆನೋವು, ಎದೆಯುರಿ, ಕೈಕಾಲು ಸೆಳೆತ. ಒಬ್ಬೊಬ್ಬರ ಮೈಮೇಲೆ ದೇವರು ಬರುತ್ತದೆ. ಆಗ ಮನೆಯವರೆಲ್ಲ ಕೈಮುಗಿದು ಅವಳ ಮಾತು ಕೇಳುತ್ತಾರೆ. ಬೇರೆ ಹೊತ್ತಿನಲ್ಲಿ ಕೇಳದೆ ಹೋದದ್ದು ಯಾಕೆ ಎಂದು ನಾವು ಕೇಳಿಕೊಳ್ಳಬೇಕು. ಮುಸ್ಲಿಮರ ಬೀದಿಯಲ್ಲಿ ಒಬ್ಬ ತಾಯಿ ನನಗೆ ಅಂದಿದ್ದಳು: ‘ನಮ್ಮ ಹುಡುಗನಿಗೆ ಹೀಗಾಗಿದೆ ಅಂದ್ರೆ ಎಲ್ಲಾರೂ ನಮ್ಮ ಜನಾನೇ ಹೀಗೆ ಅಂತಾರೆ ನರ್ಸಮ್ಮ.’ ಒಬ್ಬನ ಕಾಯಿಲೆಗೆ ಇಡೀ ಬೀದಿಯ ಹೆಸರು ಅಂಟುವ ಭಯ ಅದು.

ಆದರೆ ಕೂಸೇ, ನೋವಿಗೆ ಬೀದಿ ದಾಟುವ ದಾರಿಯೂ ನಮ್ಮ ಸೀಮೆಯಲ್ಲೇ ಇದೆ. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹಕೀಮ್ ನಂಜುಂಡ, ಅಂದರೆ ವೈದ್ಯ ನಂಜುಂಡ, ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನಿಂದ. ಆನೆಯ ಕಣ್ಣು ವಾಸಿಯಾಯಿತೆಂದು ಹಾಗೆ ಕರೆದ, ಪಚ್ಚೆಯ ಲಿಂಗ ಕೊಟ್ಟ ಎಂದು ಜನ ಹೇಳುತ್ತಾರೆ. ಗುಣ ಮಾಡುವವನು ಯಾರ ದೇವರು ಎಂದು ಆಗ ಯಾರೂ ಕೇಳಲಿಲ್ಲ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಸಿದ್ದಪ್ಪಾಜಿಯ ಒಕ್ಕಲು ಜಾತಿ ನೋಡದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಒಟ್ಟಿಗೆ ಉಣ್ಣಲು ಕಲಿತ ಸೀಮೆ ಒಟ್ಟಿಗೆ ಅಳಲೂ ಕಲಿಯಬಲ್ಲದು.

ನಮ್ಮ ರಸಬಾಳೆಯನ್ನೇ ನೋಡು. ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಯಿತು. ರೋಗ ಮಣ್ಣಿನಲ್ಲಿರುತ್ತದೆ, ಬೇರಿನಿಂದ ಹತ್ತುತ್ತದೆ, ಎಲೆ ಹಳದಿಯಾಗುವ ತನಕ ಹೊರಗೆ ಏನೂ ಕಾಣುವುದಿಲ್ಲ. ಆಗ ಯಾರಾದರೂ ಬಾಳೆಗೆ ಧೈರ್ಯ ಸಾಲದು ಎಂದರೇ? ಮಣ್ಣು ತೋರಿಸಿದರು, ತೋಟಗಾರಿಕೆಯವರನ್ನು ಕರೆದರು. ಮನುಷ್ಯ ಸೊರಗಿದಾಗಲೂ ಹಾಗೆಯೇ ನೋಡಬೇಕು, ಅವನನ್ನೂ ಅವನು ನಿಂತ ಮಣ್ಣನ್ನೂ.

ಈಗ ನಿನ್ನ ಕೈಯಲ್ಲಿ ನನ್ನ ಡಬ್ಬದಲ್ಲಿ ಇಲ್ಲದ್ದೆಲ್ಲ ಇದೆ. ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಯವರಿಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡುವುದು ಹೇಗೆಂದು ನೋಡಿದರು. ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ನನ್ನಂಥವರಿಗೂ ಕಲಿಸಿ ಮಾಡಿ ತೋರಿಸಿದರು. ಅದನ್ನು ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂದು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ಏರ್ಪಾಡು ಬಂತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ, ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸುತ್ತದೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾರದೆ ಸತ್ತರು. ಆ ಮಾತು ನೆನಪಿರಲಿ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಷ್ಟಿದ್ದೂ, 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ಶೇ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ಆಸ್ಪತ್ರೆಗೂ ಮನೆಗೂ ನಡುವಿನ ಈ ಬಯಲನ್ನು ಬಸ್ಸಾಗಲಿ ಫೋನಾಗಲಿ ಒಂದೇ ದಾಟಿಸಲಾರದು. ನಡುವೆ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ನೀನಾಗುವುದು ಹೇಗೆ ಎಂದು ಹೇಳುತ್ತೇನೆ.

ಮೊದಲ ದಿನ ಫಾರಂ ತೆಗೆಯಬೇಡ. ಚಾಪೆ ಹಾಕಿದರೆ ಕೂರು, ನೀರು ಕೊಟ್ಟರೆ ಕುಡಿ. ಕೊಡದಿದ್ದರೆ ನೀನೇ ಕೇಳು. ಮನಸ್ಸು ಎಂಬ ಮಾತಿನಿಂದ ಶುರುಮಾಡಬೇಡ. ನಿದ್ದೆ ಹೇಗೆ ಬರುತ್ತದೆ, ಊಟ ಸೇರುತ್ತದಾ ಎಂದು ಕೇಳು. ನಮ್ಮ ಜನ ಮನಸ್ಸಿನ ಕದವನ್ನು ನಿದ್ದೆಯ ಕಡೆಯಿಂದ ತೆರೆಯುತ್ತಾರೆ. ‘ಜೀವ ಬ್ಯಾಸರ ಆಗದ’ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ.

ಅವರು ಹೇಳುವಾಗ ನಡುವೆ ‘ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ’ ಎನ್ನಬೇಡ. ಆ ಮಾತು ಹೇಳುವವರ ಬಾಯಿ ಮುಚ್ಚಿಸುತ್ತದೆ. ನಾನು ಎಷ್ಟೋ ಜನರ ಬಾಯಿಯನ್ನು ಹಾಗೆ ಮುಚ್ಚಿಸಿದ್ದೇನೆ.

ಸಾಯಬೇಕು ಅನ್ನಿಸುತ್ತದಾ ಎಂದು ಕೇಳಲು ಹೆದರಬೇಡ. ಕೇಳಿದ್ದರಿಂದ ಆ ಯೋಚನೆ ಬರುವುದಿಲ್ಲ, ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗೆ ಇಡಿಸು, ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿಸು, ಆಸ್ಪತ್ರೆಗೆ ಜೊತೆಯಲ್ಲಿ ಹೋಗು.

ಗುಡಿಯನ್ನೋ ದರ್ಗಾವನ್ನೋ ಹೀಯಾಳಿಸಬೇಡ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎನ್ನು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಟ್ಟವರೂ, ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿದವರೂ ಬಹಳ ಜನ. ಅದನ್ನು ಮೊದಲೇ ಹೇಳು.

ಒಂದು ಬೀದಿಯಲ್ಲಿ ಕೇಳಿದ್ದನ್ನು ಇನ್ನೊಂದು ಬೀದಿಗೆ ಒಯ್ಯಬೇಡ. ನಿನ್ನ ಅಮ್ಮನಿಗೂ ಹೇಳಬೇಡ. ಒಂದು ಸಲ ಮಾತು ಸೋರಿದರೆ ಆ ಬೀದಿಯ ಬಾಗಿಲು ನಿನ್ನ ಮಕ್ಕಳ ಕಾಲಕ್ಕೂ ತೆರೆಯುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯದಲ್ಲಿ ನೀನು ಓದುತ್ತಿರುವ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಒಂದು ರೇಡಿಯೋ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂತು. ಮನಶ್ಶಾಸ್ತ್ರದ ಮೇಷ್ಟ್ರು ಮಾತನ್ನು ಗೋಡೆ ದಾಟಿಸಿ ಎಲ್ಲ ಬೀದಿಗೂ ಕಳಿಸಿದರು. ಎಲ್ಲ ಬೀದಿಯ ಮಾತನ್ನೂ ಕೇಳಿಸಿಕೊಳ್ಳುವ ಕೆಲಸ ನಿಮ್ಮ ತಲೆಮಾರಿಗೆ ಉಳಿದಿದೆ.

ನಾಳೆ ಮತ್ತೆ ಹೋಗು. ಅದಕ್ಕೆ ಮುಂಚೆ ಇವತ್ತು ಒಳಗೆ ಬಂದು, ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಹಳೆಯ ಹಾರ್ಲಿಕ್ಸ್ ಡಬ್ಬ ಇಳಿಸು. ಅದರಲ್ಲಿ ಖಾಲಿಯಾದ ಮಾತ್ರೆಯ ಪಟ್ಟಿಗಳಿವೆ. ನಿನ್ನ ತಾತ ತೀರಿಕೊಂಡ ವರ್ಷ ನನಗೆ ನಿದ್ದೆ ಹೋಯಿತು, ಊಟ ಹೋಯಿತು, ಬೆಳಗ್ಗೆ ಏಳುವುದು ಯಾಕೆ ಎನ್ನಿಸತೊಡಗಿತು. ಮೈಸೂರಿಗೆ ಕಣ್ಣು ತೋರಿಸಲು ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿ, ಮನೋವೈದ್ಯರ ಹತ್ತಿರ ಹೋಗಿ, ಒಂದು ವರ್ಷ ಮಾತ್ರೆ ನುಂಗಿದೆ. ಗುಣವಾದೆ. ಊರೆಲ್ಲ ಔಷಧಿ ಹಂಚಿದ ನರ್ಸಮ್ಮ ತನ್ನ ಮಾತ್ರೆಯನ್ನು ಡಬ್ಬದಲ್ಲಿ ಬಚ್ಚಿಟ್ಟಳು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಒಂದು ಫಾರಂ ತೆಗೆ. ಮೊದಲ ಹಾಳೆಯಲ್ಲಿ ನನ್ನದನ್ನು ಬರೆದುಕೋ. ಬರೆಯುವ ಮುಂಚೆ ಒಂದು ಲೋಟ ನೀರು ಕೊಡು, ಗಂಟಲು ಒಣಗಿದೆ.